ಬರೆದಿಟ್ಟ ಸೋಲು, ಮಾರಿಕೊಂಡ ಸೋಲು

ನಾನು ಅಮೆರಿಕದ ವೃತ್ತಿಪರ ಕುಸ್ತಿ ನೋಡುತ್ತೇನೆಂದು ಗೊತ್ತಾದ ಕೂಡಲೇ ಎದುರಿಗಿರುವವರು, ಅವರು ಇಲ್ಲಿನ ಸಹೋದ್ಯೋಗಿಗಳಿರಲಿ, ಕನ್ನಡ ಕೂಟದಲ್ಲಿ ಸಿಕ್ಕ ಪರಿಚಿತರಿರಲಿ, ತುಸು ಮರುಕದಿಂದ ಒಂದೇ ಪ್ರಶ್ನೆ ಕೇಳುತ್ತಾರೆ: ಅಲ್ಲಿ ಯಾರು ಗೆಲ್ಲಬೇಕೆಂಬುದು ಮೊದಲೇ ತೀರ್ಮಾನವಾಗಿರುತ್ತದೆ, ಗೊತ್ತಲ್ಲ? ಗೊತ್ತು. ಮಧ್ಯವಯಸ್ಸು ದಾಟುತ್ತಿರುವ ಮನುಷ್ಯನಿಗೆ ಅದು ಗೊತ್ತಿರಲಾರದೆಂದು ಅವರು ಹೇಗೆ ಭಾವಿಸುತ್ತಾರೆಂಬುದು ಮಾತ್ರ ನನಗೆ ಗೊತ್ತಿಲ್ಲ. ಅದೇ ಜನ, ನಾನು ಬೇಸ್‌ಬಾಲ್ ನೋಡುತ್ತೇನೆಂದರೆ ಅಷ್ಟು ಹೊತ್ತು ಕೂತು ಬೇಸರವಾಗುವುದಿಲ್ಲವೇ ಎಂದು ಕೇಳಿಯಾರೇ ಹೊರತು ಆ ಆಟದ ಸಾಚಾತನದ ಬಗ್ಗೆ ಸೊಲ್ಲೆತ್ತುವುದಿಲ್ಲ. ನಾನಿರುವುದು ಒಹಾಯೊ ರಾಜ್ಯದ ಸಿನ್ಸಿನಾಟಿಯಲ್ಲಿ. ಈ ಊರಿನ ರೆಡ್ಸ್ ತಂಡ ತನ್ನ ಮೊದಲ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಚಾಂಪಿಯನ್ ಪಟ್ಟದ ಅಂತಿಮ ಸರಣಿ, ಗೆದ್ದದ್ದು 1919ರಲ್ಲಿ. ಆ ಸರಣಿಯಲ್ಲಿ ಎದುರಾಳಿ ಷಿಕಾಗೊ ವೈಟ್ ಸಾಕ್ಸ್ ತಂಡದ ಕೆಲವು ಆಟಗಾರರು ಜೂಜುಕೋರರ ಹಣ ತಿಂದು ಸೋತಿದ್ದರು. ಈ ಊರು ತನ್ನ ಮಗನೆಂದು ಎದೆಗಪ್ಪಿಕೊಂಡ ಪೀಟ್ ರೋಸ್ ಬೇಸ್‌ಬಾಲ್ ಇತಿಹಾಸದಲ್ಲೇ ಅತಿ ಹೆಚ್ಚು, ಒಟ್ಟು 4,256 ಹಿಟ್‌ಗಳನ್ನು (ಬ್ಯಾಟರ್ ಸುರಕ್ಷಿತವಾಗಿ ಬೇಸ್ ಮುಟ್ಟುವಂಥ ಹೊಡೆತಗಳನ್ನು) ಹೊಡೆದವರು. ತಮ್ಮದೇ ತಂಡದ ಪಂದ್ಯಗಳ ಮೇಲೆ ಬಾಜಿ ಕಟ್ಟಿ ಆಟದಿಂದ ಹೊರದಬ್ಬಿಸಿಕೊಂಡವರೂ ಅವರೇ. ಇಂಥ ಊರಿನಲ್ಲಿ ಕೂತು ಕುಸ್ತಿಯೊಂದನ್ನೇ ಕಟಕಟೆಗೆ ಹತ್ತಿಸುವುದು ನನಗೆ ಬಹಳ ಕಾಲದಿಂದ ವಿಚಿತ್ರವಾಗಿ ಕಾಣುತ್ತಿದೆ.

ಯಾವುದು ಸಾಚಾ, ಯಾವುದು ಅಲ್ಲ ಎಂಬ ವಿಂಗಡಣೆಯಿಂದ ಈ ಎರಡು ಆಟಗಳು ಅರ್ಥವಾಗುವುದಿಲ್ಲ ಎಂಬುದು ನನ್ನ ವಾದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎರಡಕ್ಕೂ ಒಂದೇ ರೋಗ ತಗುಲಿತ್ತು. ಎರಡೂ ತದ್ವಿರುದ್ಧವಾದ ಮದ್ದು ಕುಡಿದು ಬದುಕಿಕೊಂಡವು. ಅಭಿಮಾನಿಯಾದವನು ಯಾವುದನ್ನು ಎಲ್ಲಿಯವರೆಗೆ ನಂಬಬಹುದು ಎಂಬುದು ಆ ಮದ್ದಿನಿಂದಲೇ ತಿಳಿಯಬೇಕು.

ಒಂದೇ ಮೈದಾನ, ಎರಡು ಅನುಮಾನ

1911ರ ಸೆಪ್ಟೆಂಬರ್‌ನಲ್ಲಿ ಫ್ರಾಂಕ್ ಗಾಚ್ ಮತ್ತು ಜಾರ್ಜ್ ಹ್ಯಾಕನ್‌ಸ್ಮಿಟ್ ನಡುವೆ ವಿಶ್ವ ಚಾಂಪಿಯನ್ ಪಟ್ಟದ ಕುಸ್ತಿ ನಡೆದದ್ದು ಷಿಕಾಗೊದ ಕಾಮಿಸ್ಕಿ ಪಾರ್ಕ್‌ನಲ್ಲಿ, ಅಂದರೆ ವೈಟ್ ಸಾಕ್ಸ್ ತಂಡದ ಮೈದಾನದಲ್ಲಿ. ಹ್ಯಾಕನ್‌ಸ್ಮಿಟ್ ಅಭ್ಯಾಸದ ವೇಳೆ ಮೊಣಕಾಲಿಗೆ ಪೆಟ್ಟು ಮಾಡಿಕೊಂಡಿದ್ದರು. ಸತತ ಎರಡು ಸುತ್ತು ಸೋತು ಕುಸ್ತಿ ಕಳೆದುಕೊಂಡರು. ಆ ಪೆಟ್ಟು ಆಕಸ್ಮಿಕವೋ, ಯಾರೋ ಹಣ ಕೊಟ್ಟು ಮಾಡಿಸಿದ್ದೋ ಎಂಬ ಗುಸುಗುಸು ಒಂದು ಶತಮಾನ ಕಳೆದರೂ ನಿಂತಿಲ್ಲ. ಸಾವಿರಾರು ಜನ ದುಡ್ಡು ಕೊಟ್ಟು ನೋಡಿದ್ದ ಆ ಪಂದ್ಯದ ನಂತರ ಕುಸ್ತಿಯ ಮೇಲಿನ ನಂಬಿಕೆ ಇಳಿಮುಖವಾಯಿತು. ಇನ್ನೊಂದು ತೊಡಕೂ ಇತ್ತು: ನಿಜವಾದ ಕುಸ್ತಿ ನೋಡಲು ಬಹುತೇಕ ನೀರಸ. ಇಬ್ಬರು ಸಮಬಲರು ಒಬ್ಬರನ್ನೊಬ್ಬರು ಹಿಡಿದು ನೆಲದ ಮೇಲೆ ಗಂಟೆಗಟ್ಟಲೆ ಮಲಗಿರುವುದನ್ನು ಟಿಕೆಟ್ ಕೊಂಡವರು ಎಷ್ಟು ಹೊತ್ತು ಸಹಿಸಿಯಾರು?

1920ರ ದಶಕದಲ್ಲಿ ಎಡ್ ‘ಸ್ಟ್ರ್ಯಾಂಗ್ಲರ್’ ಲೂಯಿಸ್, ಅವರ ಮ್ಯಾನೇಜರ್ ಬಿಲ್ಲಿ ಸ್ಯಾಂಡೋ ಮತ್ತು ಟೂಟ್ಸ್ ಮಾಂಟ್ ಎಂಬ ಮೂವರು ಈ ರೋಗಕ್ಕೆ ಮದ್ದು ಕಂಡುಹಿಡಿದರು. ಪಂದ್ಯಕ್ಕೆ ಸಮಯದ ಮಿತಿ ಹಾಕುವುದು, ಎತ್ತಿ ಒಗೆಯುವ ರಂಜನೀಯ ಪಟ್ಟುಗಳನ್ನು ಸೇರಿಸುವುದು, ಒಂದೇ ಗುಂಪಿನ ಪೈಲ್ವಾನರನ್ನು ಊರಿಂದೂರಿಗೆ ಕರೆದೊಯ್ಯುವುದು, ಎಲ್ಲಕ್ಕಿಂತ ಮುಖ್ಯವಾಗಿ ಗೆಲುವು ಸೋಲುಗಳನ್ನು ತಾವೇ ನಿರ್ಧರಿಸುವುದು. ಇದು ಮೋಸವೆಂದು ಹೇಳುವುದು ಸುಲಭ. ಆದರೆ ಇದರ ಒಂದು ಪರಿಣಾಮವನ್ನು ಯಾರೂ ಗಮನಿಸುವುದಿಲ್ಲ. ಫಲಿತಾಂಶ ಬುಕರ್‌ನ, ಅಂದರೆ ಯಾರು ಗೆಲ್ಲಬೇಕೆಂದು ಮೊದಲೇ ಬರೆದಿಡುವವನ, ಜೇಬಿನಲ್ಲಿದ್ದ ಮೇಲೆ, ಸೋಲಲು ಪೈಲ್ವಾನನಿಗೆ ಲಂಚ ಕೊಡುವ ಜೂಜುಕೋರನಿಗೆ ಅಲ್ಲಿ ಕೆಲಸವೇ ಉಳಿಯುವುದಿಲ್ಲ. ಆ ವ್ಯವಸ್ಥೆಗೆ ಹೆದರಿಕೆ ಇದ್ದದ್ದು ಒಂದೇ ಕಡೆಯಿಂದ: ಯಾರಾದರೂ ಇದ್ದಕ್ಕಿದ್ದಂತೆ ನಿಜವಾಗಿ ಸೆಣಸಿಬಿಟ್ಟರೆ? 1925ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಹಾಗೆಯೇ ಆಯಿತು. ಫುಟ್‌ಬಾಲ್ ಆಟಗಾರ ವೇಯ್ನ್ ಮನ್‌ಗೆ ಭರ್ಜರಿ ಮೈಕಟ್ಟಿತ್ತು, ಜನಪ್ರಿಯತೆಯಿತ್ತು, ಕುಸ್ತಿ ಮಾತ್ರ ಬರುತ್ತಿರಲಿಲ್ಲ. ಪಟ್ಟ ಕಟ್ಟಿದ್ದ ಆ ಆಸಾಮಿಯ ಎದುರು ಸೋಲಲೆಂದು ಕರೆಸಿದ್ದ ಸ್ಟಾನಿಸ್ಲಾಸ್ ಝ್ಬಿಷ್ಕೊ, ಒಪ್ಪಂದ ಮುರಿದು ಅವರನ್ನು ಪದೇ ಪದೇ ನೆಲಕ್ಕೆ ಅದುಮಿ ಪಟ್ಟ ಕಿತ್ತುಕೊಂಡುಬಿಟ್ಟರು. (ಈ ಝ್ಬಿಷ್ಕೊ ನಮ್ಮವರಿಗೆ ಅಪರಿಚಿತರಲ್ಲ. 1910ರಲ್ಲಿ ಲಂಡನ್ನಿನಲ್ಲಿ ಗಾಮಾ ಪೈಲ್ವಾನರ ಎದುರು ಗಂಟೆಗಟ್ಟಲೆ ನೆಲಕ್ಕಂಟಿಕೊಂಡು ಸೋಲು ತಪ್ಪಿಸಿಕೊಂಡವರು, 1928ರಲ್ಲಿ ಪಟಿಯಾಲದಲ್ಲಿ ಅದೇ ಗಾಮಾ ಕೈಯಲ್ಲಿ ನಿಮಿಷದೊಳಗೆ ಚಿತ್ತಾದವರು.) ಪ್ರಾಮಾಣಿಕವಾಗಿ ಗೆದ್ದದ್ದೇ ದ್ರೋಹವೆನಿಸಿಕೊಳ್ಳುವ ಇನ್ನೊಂದು ಕಸುಬು ನನಗಂತೂ ತಿಳಿದಿಲ್ಲ.

ಬೇಸ್‌ಬಾಲ್ ಕುಡಿದ ಮದ್ದು ಬೇರೆ. 1919ರ ಅಕ್ಟೋಬರ್ 1ರಂದು ಸಿನ್ಸಿನಾಟಿಯಲ್ಲಿ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯ. ವೈಟ್ ಸಾಕ್ಸ್‌ನ ಪಿಚರ್ (ಚೆಂಡೆಸೆಯುವವರು) ಎಡ್ಡಿ ಸಿಕಾಟ್ ರೆಡ್ಸ್‌ನ ಮೊದಲ ಬ್ಯಾಟರ್ ಮಾರಿ ರಾತ್ ಬೆನ್ನಿಗೆ ಚೆಂಡು ಬಡಿಸಿದರು. ಮೈದಾನದಲ್ಲಿದ್ದವರಿಗೆ ಅದು ಕೈತಪ್ಪಿದ ಎಸೆತ. ಜೂಜುಕೋರರಿಗೆ ಮಾತ್ರ ಅದು ವ್ಯವಹಾರ ಕುದುರಿದೆಯೆಂಬ ಸಂಜ್ಞೆ. ಆ ದಿನ ರೆಡ್ಸ್ 9-1ರಿಂದ ಗೆದ್ದಿತು, ಕೊನೆಗೆ ಸರಣಿಯನ್ನು 5-3ರಿಂದ ಗೆದ್ದಿತು. ರೆಡ್ಸ್‌ನ ಎಡ್ ರೌಷ್, ಎದುರಾಳಿಗಳು ಪ್ರಾಮಾಣಿಕವಾಗಿ ಆಡಿದ್ದರೂ ನಾವೇ ಗೆಲ್ಲುತ್ತಿದ್ದೆವು ಎಂದು ಬದುಕಿರುವವರೆಗೂ ಹೇಳುತ್ತಲೇ ಇದ್ದರು. ಪಾಪ, ಆ ಗೆಲುವನ್ನು ಅವರಿಂದ ಕಸಿದುಕೊಂಡದ್ದು ಎದುರಾಳಿಯ ಸೋಲೇ. 1920ರಲ್ಲಿ ವಿಷಯ ಹೊರಬಿತ್ತು. ತಂಡಗಳ ಮಾಲೀಕರು ಕೆನೆಸಾ ಮೌಂಟನ್ ಲ್ಯಾಂಡಿಸ್ ಎಂಬ ಫೆಡರಲ್ ನ್ಯಾಯಾಧೀಶರನ್ನು ಕರೆತಂದು ಆಟದ ಕಮಿಷನರ್ ಮಾಡಿದರು. 1921ರ ಆಗಸ್ಟ್‌ನಲ್ಲಿ ನ್ಯಾಯಾಲಯದ ಜ್ಯೂರಿ ವಿಚಾರಣೆಗೊಳಗಾದ ಆಟಗಾರರನ್ನು ನಿರ್ದೋಷಿಗಳೆಂದಿತು. ಮರುದಿನವೇ ಲ್ಯಾಂಡಿಸ್, ಜ್ಯೂರಿ ಏನೇ ಹೇಳಿರಲಿ, ಇವರು ಇನ್ನೆಂದೂ ಆಡುವಂತಿಲ್ಲ ಎಂದು ಸಂಚಿನ ಆರೋಪ ಹೊತ್ತ ಎಂಟೂ ಜನರನ್ನು ಹೊರಗಟ್ಟಿದರು.

ಆ ಎಂಟರಲ್ಲಿ ಬಕ್ ವೀವರ್ ಒಬ್ಬರು. ಅವರು ಹಣ ಮುಟ್ಟಿರಲಿಲ್ಲ, ಸರಣಿಯುದ್ದಕ್ಕೂ ಚೆನ್ನಾಗಿಯೇ ಆಡಿದ್ದರು. ಸಂಚು ನಡೆಯುತ್ತಿರುವುದು ತಿಳಿದಿದ್ದೂ ಬಾಯಿ ಬಿಡಲಿಲ್ಲ ಎಂಬುದಷ್ಟೇ ಅವರ ಅಪರಾಧ. ಇದರ ಪಕ್ಕದಲ್ಲಿ 1987ರ ಒಂದು ಘಟನೆಯನ್ನಿಟ್ಟು ನೋಡಬೇಕು. ರಿಂಗ್‌ನಲ್ಲಿ ಬದ್ಧವೈರಿಗಳಾಗಿದ್ದ ಜಿಮ್ ಡಗನ್ ಮತ್ತು ಐರನ್ ಶೇಖ್ ಒಂದೇ ಕಾರಿನಲ್ಲಿ ಹೋಗುತ್ತ ನ್ಯೂಜರ್ಸಿಯಲ್ಲಿ ಮಾದಕವಸ್ತುವಿನೊಂದಿಗೆ ಪೊಲೀಸರ ಕೈಗೆ ಸಿಕ್ಕಿಬಿದ್ದರು. ಅವರ ಕುಸ್ತಿ ಕಂಪನಿ ಡಬ್ಲ್ಯೂಡಬ್ಲ್ಯೂಎಫ್ ಇಬ್ಬರನ್ನೂ ಕೆಲಸದಿಂದ ತೆಗೆಯಿತು. ಮಾದಕವಸ್ತುವಿಗಿಂತ ದೊಡ್ಡ ಹಗರಣವೆನಿಸಿದ್ದು, ವೈರಿಗಳಿಬ್ಬರು ಜೊತೆಯಾಗಿ ಪ್ರಯಾಣಿಸುತ್ತಿದ್ದರೆಂಬುದು ಪತ್ರಿಕೆಗಳಲ್ಲಿ ಬಂದದ್ದು. ಕುಸ್ತಿಯವರು ಕೇಫೇಬ್ ಎಂದು ಕರೆಯುತ್ತಿದ್ದ ಆ ಗುಟ್ಟಿನ ಕಟ್ಟುಪಾಡನ್ನು ಮುರಿದವರಿಗೆ ಅಲ್ಲಿ ಶಿಕ್ಷೆ; ಗುಟ್ಟನ್ನು ಕಾಪಾಡಿದವರಿಗೆ ಬೇಸ್‌ಬಾಲ್‌ನಲ್ಲಿ ಶಿಕ್ಷೆ. ನಿಯಮದ ಮಟ್ಟಿಗೆ ಮಾತ್ರ ಹಾಗೆ ಎನ್ನಬೇಕು. 2017ರಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ತಂಡ ಎಂಥ ಚೆಂಡೆಸೆಯಬೇಕೆಂದು ಎದುರಾಳಿ ಕ್ಯಾಚರ್ ಪಿಚರ್‌ಗೆ ಮಾಡುವ ಸನ್ನೆಗಳನ್ನು ಕ್ಯಾಮೆರಾದಲ್ಲಿ ಕದ್ದು ನೋಡಿ, ಕಸದ ಡಬ್ಬಿ ಬಡಿದು ತನ್ನ ಬ್ಯಾಟರ್‌ಗಳಿಗೆ ತಿಳಿಸುತ್ತಿದ್ದುದನ್ನು ಎರಡು ವರ್ಷಗಳ ನಂತರ ಬಯಲು ಮಾಡಿದ ಮೈಕ್ ಫಯರ್ಸ್‌ಗೆ ಬಂದದ್ದು ಕೊಲೆ ಬೆದರಿಕೆಗಳು. ಮ್ಯಾನೇಜರ್ ಮತ್ತು ಜನರಲ್ ಮ್ಯಾನೇಜರ್ ಒಂದು ವರ್ಷ ಹೊರಗುಳಿದರು, ತಂಡ 50 ಲಕ್ಷ ಡಾಲರ್ ದಂಡ ತೆತ್ತಿತು, ಆಟಗಾರರಲ್ಲಿ ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ಡ್ರೆಸಿಂಗ್ ಕೋಣೆಯೊಳಗೆ ಬೇಸ್‌ಬಾಲ್‌ಗೂ ತನ್ನದೇ ಕೇಫೇಬ್ ಇದೆ.

ಅಜ್ಜ ಎದ್ದು ನಡೆದದ್ದು

ನಾನು ಬೆಳೆದದ್ದು ಮೈಸೂರಿನಲ್ಲಿ. ಅಜ್ಜ ಎಳವೆಯಲ್ಲಿ ಗರಡಿಯಲ್ಲಿ ಮಣ್ಣು ಹೊತ್ತವರು; ಪೈಲ್ವಾನರಾಗಿ ಹೆಸರು ಮಾಡಲಿಲ್ಲ, ಆದರೆ ನೋಡುವ ಕಣ್ಣು ಪಳಗಿತ್ತು. ದಸರಾ ಕುಸ್ತಿಗೆ ಪ್ರತಿವರ್ಷ ನನ್ನನ್ನು ಕರೆದೊಯ್ಯುತ್ತಿದ್ದರು. ಒಂದು ವರ್ಷ ದೊಡ್ಡ ಜೋಡಿಯೊಂದು ಕಣಕ್ಕಿಳಿಯಿತು. ಇಬ್ಬರೂ ಮೈಗೆ ಮಟ್ಟಿಯ ಮಣ್ಣು ಹಚ್ಚಿಕೊಂಡು, ತೊಡೆ ತಟ್ಟಿ, ಕುತ್ತಿಗೆಗೆ ಕೈ ಹಾಕಿ ತಳ್ಳಾಡತೊಡಗಿದರು. ನನಗೆ ಎಲ್ಲವೂ ರೋಮಾಂಚಕವಾಗಿಯೇ ಕಂಡಿತು. ಸ್ವಲ್ಪ ಹೊತ್ತಿನಲ್ಲೇ ಅಜ್ಜನ ಮುಖ ಗಂಟಿಕ್ಕಿತು. ಒಬ್ಬ ಪಟ್ಟು ಹಾಕುವ ಮುನ್ನ ಇನ್ನೊಬ್ಬನ ಮೈ ಅದಕ್ಕೆ ಸಡಿಲಗೊಳ್ಳುತ್ತಿತ್ತಂತೆ. ಬೀಳಬೇಕಾದ ಕಡೆ ಬೀಳದೆ, ಬೀಳಬಾರದ ಕಡೆ ಬೀಳುತ್ತಿದ್ದರಂತೆ. ಸುತ್ತ ಕೂತ ಹಿರಿಯರೂ ಗೊಣಗತೊಡಗಿದರು, ಹಿಂದಿನಿಂದ ಯಾರೋ ‘ರಾತ್ರಿಯೇ ಮಾತಾಡ್ಕೊಂಡವ್ರೆ’ ಎಂದು ಕೂಗಿದರು. ಪಂದ್ಯ ಸಮವೆಂದು ಘೋಷಣೆಯಾಗುವ ಮೊದಲೇ ಅಜ್ಜ ಟವಲ್ ಹೆಗಲಿಗೆ ಹಾಕಿಕೊಂಡು ಎದ್ದುಬಿಟ್ಟರು. ಕೊನೆಯ ಜೋಡಿ ಇನ್ನೂ ಬಾಕಿಯಿದೆಯೆಂದು ನಾನು ಅತ್ತರೂ ಕೇಳಲಿಲ್ಲ.

ಅದೇ ಅಜ್ಜ, ಕೇಬಲ್ ಟಿವಿ ಬಂದ ಹೊಸತರಲ್ಲಿ, ಪಕ್ಕದ ಮನೆಯ ವರಾಂಡದಲ್ಲಿ ನಮ್ಮೊಂದಿಗೆ ಕೂತು ಡಬ್ಲ್ಯೂಡಬ್ಲ್ಯೂಎಫ್ ನೋಡಿ ಖುಷಿಪಡುತ್ತಿದ್ದರು. ಯಾರು ಗೆಲ್ಲುತ್ತಾರೆಂದು ಎಂದೂ ಕೇಳಿದವರಲ್ಲ. ರ‍್ಯಾಂಡಿ ಸ್ಯಾವೇಜ್ ಮೂಲೆಯ ಹಗ್ಗ ಹತ್ತಿ ಎತ್ತರದಿಂದ ಹಾರಿ ಮೊಣಕೈ ಇಳಿಸುವಾಗ ಮಾತ್ರ ಮುಂದಕ್ಕೆ ಬಾಗುತ್ತಿದ್ದರು. ಅಷ್ಟು ಮೇಲಿನಿಂದ ಬಂದು ತನಗೆ ಪೆಟ್ಟಾಗದಂತೆ ಬೀಳುವುದು ಒಂದು ತೂಕ, ಕೆಳಗೆ ಮಲಗಿದವನಿಗೆ ಪೆಟ್ಟಾಗದಂತೆ ಬೀಳುವುದು ಇನ್ನೊಂದು ತೂಕ ಎನ್ನುತ್ತಿದ್ದರು. ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಬೋಳಿಸಿದ ತಲೆಯಿಂದ ಒಂದು ಹನಿ ರಕ್ತ ಕಾಣಿಸಿದೊಡನೆ ಜಟ್ಟಿಗಳನ್ನು ಬಿಡಿಸಿಬಿಡುತ್ತಾರೆ. ಅಲ್ಲಿಯೂ ಅಜ್ಜ ಗೆದ್ದವರ ಹೆಸರು ಕೇಳಿದ್ದು ನನಗೆ ನೆನಪಿಲ್ಲ. ದಸರಾ ಕುಸ್ತಿಯಲ್ಲಿ ಮಾತ್ರ ಅವರಿಗೆ ಸಿಟ್ಟು ಬಂದದ್ದೇಕೆ? ಅಲ್ಲಿ ಸೆಣಸುತ್ತೇವೆಂದು ಮಾತು ಕೊಟ್ಟು ಟಿಕೆಟ್ ಮಾರಿದ್ದರು. ಟಿವಿಯ ಕುಸ್ತಿಯವರು ತಮ್ಮ ಮಟ್ಟಿಗೆ ಅಂಥ ಮಾತು ಕೊಟ್ಟಿದ್ದಾರೆಂದು ಅಜ್ಜನಿಗೆ ಅನ್ನಿಸಿಯೇ ಇರಲಿಲ್ಲ.

ಆ ಸ್ಯಾವೇಜ್ ಕುಸ್ತಿಗೆ ಬರುವ ಮುಂಚೆ 1971ರಿಂದ 1974ರವರೆಗೆ ಬೇಸ್‌ಬಾಲ್‌ನ ಕೆಳಹಂತದ ಲೀಗ್‌ಗಳಲ್ಲಿ ಆಡಿದವರೆಂದು ನನಗೆ ತಿಳಿದದ್ದು ಅಮೆರಿಕಕ್ಕೆ ಬಂದ ಮೇಲೆ. ರ‍್ಯಾಂಡಿ ಪೋಫೊ ಎಂಬ ಸ್ವಂತ ಹೆಸರಿನಲ್ಲಿ, ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಮತ್ತು ನಮ್ಮ ಸಿನ್ಸಿನಾಟಿ ರೆಡ್ಸ್‌ನ ಅಧೀನ ತಂಡಗಳಲ್ಲಿ. ಬಲ ಭುಜ ಜಖಂಗೊಂಡಾಗ ಎಡಗೈಯಲ್ಲಿ ಎಸೆಯುವುದನ್ನು ಕಲಿತು ಆಟ ಮುಂದುವರಿಸಲು ಯತ್ನಿಸಿದರಂತೆ. ಮೇಲ್ಮಟ್ಟದ ಮೇಜರ್ ಲೀಗ್ ಅವರಿಗೆ ದಕ್ಕಲಿಲ್ಲ. ಮುಂದೆ 1987ರ ರೆಸಲ್‌ಮೇನಿಯಾ ಎಂಬ ಡಬ್ಲ್ಯೂಡಬ್ಲ್ಯೂಎಫ್‌ನ ವಾರ್ಷಿಕ ಮಹಾಪ್ರದರ್ಶನದಲ್ಲಿ ರಿಕಿ ಸ್ಟೀಮ್‌ಬೋಟ್ ಎದುರಿನ ಪಂದ್ಯಕ್ಕೆ ಪ್ರತಿಯೊಂದು ಪಟ್ಟನ್ನೂ ಕಾಗದದ ಮೇಲೆ ಬರೆದು, ಇಬ್ಬರೂ ಬಾಯಿಪಾಠ ಮಾಡಿ, ಒಬ್ಬರನ್ನೊಬ್ಬರು ಪರೀಕ್ಷಿಸಿಕೊಂಡು ಕಣಕ್ಕಿಳಿದರು. ಇಂದಿಗೂ ಆ ಪಂದ್ಯ ನೋಡಿದರೆ ಅದರಲ್ಲಿ ಒಂದು ಹೆಜ್ಜೆಯೂ ಹೆಚ್ಚುವರಿಯಾಗಿ ಕಾಣುವುದಿಲ್ಲ. ಸ್ಯಾವೇಜ್ ಅಲ್ಲಿ ಸೋತರು. ನನ್ನ ಪ್ರಕಾರ ಅವರ ವೃತ್ತಿಜೀವನದ ಶ್ರೇಷ್ಠ ಪಂದ್ಯ ಅದೇ. ಬೇಸ್‌ಬಾಲ್‌ನಲ್ಲಿ ಅಷ್ಟು ಸುಂದರವಾಗಿ ಸೋಲಲು ಯಾರಿಗೂ ಆಗುವುದಿಲ್ಲ, ಆಗಲೂಬಾರದು.

1989

ಎರಡು ಮದ್ದುಗಳೂ ಒಂದೇ ವರ್ಷದಲ್ಲಿ ತಮ್ಮ ತುತ್ತತುದಿ ಮುಟ್ಟಿದವು. ರಾಜ್ಯದ ಕ್ರೀಡಾ ಆಯೋಗದ ಉಸ್ತುವಾರಿ ಮತ್ತು ತೆರಿಗೆಗಳಿಂದ ಪಾರಾಗಲು ವಿನ್ಸ್ ಮ್ಯಾಕ್‌ಮಹೊನ್‌ರ ಡಬ್ಲ್ಯೂಡಬ್ಲ್ಯೂಎಫ್ 1989ರಲ್ಲಿ ನ್ಯೂಜರ್ಸಿಯ ಶಾಸಕರ ಮುಂದೆ, ನಮ್ಮದು ನಿಜವಾದ ಸ್ಪರ್ಧೆಯಲ್ಲ, ಪ್ರೇಕ್ಷಕರ ಮನರಂಜನೆಗಾಗಿ ನಡೆಯುವ ಪ್ರದರ್ಶನ ಎಂದು ಒಪ್ಪಿಕೊಂಡಿತು. ದಶಕಗಳ ಕಾಲ ಪೈಲ್ವಾನರು ಮೂಳೆ ಮುರಿದುಕೊಂಡು ಕಾಪಾಡಿದ್ದ ಗುಟ್ಟನ್ನು ಮಾಲೀಕರು ತೆರಿಗೆ ಉಳಿಸಲು ಬಿಟ್ಟುಕೊಟ್ಟರು. ಅದೇ ವರ್ಷದ ಆಗಸ್ಟ್ 24ರಂದು ಬೇಸ್‌ಬಾಲ್ ಕಮಿಷನರ್ ಬಾರ್ಟ್ ಜಿಯಾಮಾಟಿ ಪೀಟ್ ರೋಸ್ ಅವರನ್ನು ಆಜೀವ ನಿಷೇಧಿಸಿದರು. ಲೀಗ್ ನೇಮಿಸಿದ್ದ ವಕೀಲ ಜಾನ್ ಡೌಡ್ ಅವರ ವರದಿಯ ಪ್ರಕಾರ ರೋಸ್ ತಾವು ಮ್ಯಾನೇಜರ್ ಆಗಿದ್ದ ರೆಡ್ಸ್‌ನ 52 ಪಂದ್ಯಗಳ ಮೇಲೆ 1987ರಲ್ಲಿ ಬಾಜಿ ಕಟ್ಟಿದ್ದರು.

ಊರಿನವರು ಈಗಲೂ ಹೇಳುವ ಸಮರ್ಥನೆಯೊಂದಿದೆ: ಅವರು ಕಟ್ಟಿದ್ದು ತಮ್ಮ ತಂಡ ಗೆಲ್ಲಲೆಂದು, ಸೋಲಲೆಂದಲ್ಲ. ಮೊದಮೊದಲು ನನಗೂ ಅದು ಸರಿಯೆನಿಸುತ್ತಿತ್ತು. ಆದರೆ ಬೇಸ್‌ಬಾಲ್‌ನ ಋತುವೆಂದರೆ 162 ಪಂದ್ಯಗಳು. ಇಂದು ಯಾವ ಪಿಚರ್‌ನನ್ನು ದುಡಿಸಿಕೊಳ್ಳಬೇಕು, ಯಾರಿಗೆ ವಿಶ್ರಾಂತಿ ಕೊಡಬೇಕು ಎಂಬ ಲೆಕ್ಕವೇ ಮ್ಯಾನೇಜರ್‌ನ ಕೆಲಸ. ಇಂದಿನ ಪಂದ್ಯದ ಮೇಲೆ ಅವನ ಹಣವಿದ್ದರೆ, ನಾಳೆ ಬೇಕಾದ ಪಿಚರ್‌ನ ತೋಳನ್ನು ಇಂದೇ ಸವೆಸಿಬಿಡಬಹುದು. ಅದಕ್ಕಿಂತ ಮಿಗಿಲಾಗಿ, ದಿನವೂ ಕಟ್ಟುವ ಮ್ಯಾನೇಜರ್ ಒಂದು ದಿನ ಕಟ್ಟದಿದ್ದರೆ, ತನ್ನ ತಂಡದ ಮೇಲೆ ಅವನಿಗೇ ಭರವಸೆಯಿಲ್ಲವೆಂಬ ಸುದ್ದಿ ಬಾಜಿ ಸ್ವೀಕರಿಸುವ ಬುಕಿಗೆ ಬಿಟ್ಟಿಯಾಗಿ ತಲುಪುತ್ತದೆ. ಸೋಲನ್ನು ಮಾರದೆಯೂ ಆಟವನ್ನು ಮಾರಬಹುದು.

ಬೇಸ್‌ಬಾಲ್ ಬಾಗಿಲು ಮುಚ್ಚಿದ ಮೇಲೆ ರೋಸ್‌ಗೆ ಬಾಗಿಲು ತೆರೆದದ್ದು ಕುಸ್ತಿ. 1998ರ ರೆಸಲ್‌ಮೇನಿಯಾ ನಡೆದದ್ದು ಬಾಸ್ಟನ್ನಿನಲ್ಲಿ. ರೋಸ್ ಮೈಕ್ ಹಿಡಿದು ಬಂದು, ಆ ಊರಿನ ರೆಡ್ ಸಾಕ್ಸ್ ತಂಡದ ಸೋಲುಗಳನ್ನು, 1986ರ ವರ್ಲ್ಡ್ ಸೀರೀಸ್‌ನಲ್ಲಿ ಬಿಲ್ ಬಕ್‌ನರ್ ಕಾಲ ಸಂದಿಯಲ್ಲಿ ಜಾರಿಹೋದ ಚೆಂಡನ್ನು ಆಡಿಕೊಂಡು ನಕ್ಕರು. ಇಡೀ ಸಭಾಂಗಣ ಬೊಬ್ಬಿರಿಯಿತು. ಮುಖವಾಡದ ದೈತ್ಯ ಕೇನ್ ಬಂದು ಅವರನ್ನು ತಲೆಕೆಳಗಾಗಿ ಎತ್ತಿ ಕುಕ್ಕಿದಾಗ ಅದೇ ಜನ ಹರ್ಷದಿಂದ ಕೂಗಿದರು. ಮುಂದಿನ ಎರಡು ವರ್ಷವೂ ರೋಸ್ ಬಂದು ಕೇನ್ ಕೈಯಲ್ಲಿ ಏಟು ತಿಂದರು. ಬಾಜಿ ಕಟ್ಟಿದ್ದು ನಿಜವೆಂದು ಅವರು ಹದಿನೈದು ವರ್ಷಗಳ ನಿರಾಕರಣೆಯ ನಂತರ ಒಪ್ಪಿಕೊಂಡದ್ದು 2004ರ ಜನವರಿಯಲ್ಲಿ. ಅದೇ ವರ್ಷದ ಮಾರ್ಚ್‌ನಲ್ಲಿ ಡಬ್ಲ್ಯೂಡಬ್ಲ್ಯೂಇ (ಡಬ್ಲ್ಯೂಡಬ್ಲ್ಯೂಎಫ್‌ನ ಹೊಸ ಹೆಸರು) ಅವರನ್ನು ತನ್ನ ಹಾಲ್ ಆಫ್ ಫೇಮ್‌ಗೆ, ಅಂದರೆ ಮಹನೀಯರ ಗೌರವ ಪಟ್ಟಿಗೆ, ಸೇರಿಸಿಕೊಂಡಿತು.

ಟ್ರಂಪ್ ಕಾರ್ಡಿನ ಅಂಕಿಗಳು

ಇಷ್ಟು ಹೇಳಿದ ಮೇಲೆ ಕುಸ್ತಿಯೇ ಹೆಚ್ಚು ಪ್ರಾಮಾಣಿಕ ಎಂಬ ತೀರ್ಪಿಗೆ ನಾನು ಬರುತ್ತೇನೆಂದು ಓದುಗರು ನಿರೀಕ್ಷಿಸಬಹುದು. ಬರಲಾರೆ. ನಮ್ಮ ತಲೆಮಾರಿನವರು ಶಾಲೆಯ ಚೀಲದಲ್ಲಿ ಬಚ್ಚಿಟ್ಟುಕೊಂಡಿದ್ದ ಡಬ್ಲ್ಯೂಡಬ್ಲ್ಯೂಎಫ್ ಟ್ರಂಪ್ ಕಾರ್ಡ್‌ಗಳನ್ನು ನೆನಪಿಸಿಕೊಳ್ಳಿ: ಎತ್ತರ, ತೂಕ, ಎದೆ, ಬೈಸೆಪ್ಸ್. ಆ ಅಂಕಿಗಳ ಮೇಲೆ ನಾವು ಗೆಲ್ಲುತ್ತಿದ್ದೆವು, ಸೋಲುತ್ತಿದ್ದೆವು, ಜಗಳವಾಡುತ್ತಿದ್ದೆವು. ಕುಸ್ತಿಯ ನಿಜವಾದ ಸುಳ್ಳು ಗೆಲುವು ಸೋಲಿನಲ್ಲಿರಲಿಲ್ಲ, ಆ ಅಂಕಿಗಳಲ್ಲಿತ್ತು. ಎತ್ತರಕ್ಕೆ ಒಂದೆರಡು ಇಂಚು ಸೇರಿಸುವುದು ನಿರುಪದ್ರವಿ. 1987ರ ಆ ರೆಸಲ್‌ಮೇನಿಯಾಕ್ಕೆ 93,173 ಜನ ಬಂದಿದ್ದರೆಂಬ ಕಂಪನಿಯ ಹೇಳಿಕೆಯನ್ನು ಒಪ್ಪದ ಪತ್ರಕರ್ತರಿದ್ದಾರೆ, ಅದೂ ಹೋಗಲಿ. ಆದರೆ ಆ ತೋಳುಗಳು? 1994ರಲ್ಲಿ ಸ್ನಾಯು ಬೆಳೆಸುವ ಮದ್ದಾದ ಸ್ಟೆರಾಯ್ಡ್‌ನ ಪ್ರಕರಣದಲ್ಲಿ ಮ್ಯಾಕ್‌ಮಹೊನ್ ವಿಚಾರಣೆ ನಡೆದಾಗ ಹಲ್ಕ್ ಹೋಗನ್ ತಾವು ವರ್ಷಗಟ್ಟಲೆ ಸ್ಟೆರಾಯ್ಡ್ ಬಳಸಿದ್ದಾಗಿ ಸಾಕ್ಷಿ ನುಡಿದರು. ಅದಕ್ಕೆ ಮೂರು ವರ್ಷ ಮುಂಚೆ ಅವರೇ ಟಿವಿಯಲ್ಲಿ ಅದನ್ನು ಅಲ್ಲಗಳೆದಿದ್ದರು. ಮ್ಯಾಕ್‌ಮಹೊನ್ ಖುಲಾಸೆಯಾದರು. ಫಲಿತಾಂಶ ಬರೆದಿಟ್ಟದ್ದೆಂದು 1989ರಲ್ಲೇ ಹೇಳಿದವರಿಗೆ ಮೈಯ ಬಗ್ಗೆ ನಿಜ ಹೇಳುವುದು ಸಾಧ್ಯವಾಗಲಿಲ್ಲ.

ಬೇಸ್‌ಬಾಲ್ ಈ ಪಾಠವನ್ನು ನೋಡಿಯೂ ಕಲಿಯಲಿಲ್ಲ. 1994ರ ಮುಷ್ಕರದಿಂದ ವರ್ಲ್ಡ್ ಸೀರೀಸ್ ರದ್ದಾಗಿ, ಮುನಿಸಿಕೊಂಡಿದ್ದ ಪ್ರೇಕ್ಷಕರನ್ನು 1998ರ ಬೇಸಿಗೆಯಲ್ಲಿ ಮಾರ್ಕ್ ಮೆಗ್ವಾಯರ್ ಮತ್ತು ಸ್ಯಾಮಿ ಸೋಸಾ ಹೋಮ್ ರನ್‌ಗಳ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತಗಳ) ಪೈಪೋಟಿಯಿಂದ ಮರಳಿ ಕರೆತಂದರು. ರೋಜರ್ ಮ್ಯಾರಿಸ್ 1961ರಲ್ಲಿ ಮಾಡಿದ್ದ, ಒಂದು ಋತುವಿನಲ್ಲಿ 61 ಹೋಮ್ ರನ್‌ಗಳ ದಾಖಲೆ ಮುರಿದ ರಾತ್ರಿ ಎದುರಾಳಿ ತಂಡದ ಸೋಸಾ ಓಡಿಬಂದು ಮೆಗ್ವಾಯರ್‌ರನ್ನು ಅಪ್ಪಿಕೊಂಡರು, ಮ್ಯಾರಿಸ್ ಮಕ್ಕಳು ಪ್ರೇಕ್ಷಕರ ನಡುವೆ ಕೂತು ನೋಡುತ್ತಿದ್ದರು. ಯಾವ ಬುಕರ್ ಕೂಡ ಅದಕ್ಕಿಂತ ಚೆನ್ನಾಗಿ ಬರೆಯಲಾರ. ಮೆಗ್ವಾಯರ್ 70ಕ್ಕೆ, ಸೋಸಾ 66ಕ್ಕೆ ನಿಂತರು. 2001ರಲ್ಲಿ ಬ್ಯಾರಿ ಬಾಂಡ್ಸ್ 73 ಹೊಡೆದರು. ತಾವು ಸ್ಟೆರಾಯ್ಡ್ ಬಳಸಿದ್ದು ಹೌದೆಂದು ಮೆಗ್ವಾಯರ್ ಒಪ್ಪಿಕೊಂಡದ್ದು 2010ರಲ್ಲಿ. ಕುಸ್ತಿಯ ಅಂಕಿ ಸುಳ್ಳೆಂದರೆ ಯಾರಿಗೂ ನಷ್ಟವಿಲ್ಲ. ಬೇಸ್‌ಬಾಲ್ ನಿಂತಿರುವುದೇ ಅಂಕಿಗಳ ಮೇಲೆ. ಅಪ್ಪ ನೋಡಿದ ಆಟಗಾರನನ್ನು ಮಗ ನೋಡಿದವನೊಂದಿಗೆ ಹೋಲಿಸಲು ಆ ಸಂಖ್ಯೆಗಳಲ್ಲದೆ ಬೇರೆ ಅಳತೆಗೋಲಿಲ್ಲ. 73ನ್ನು ಅಳಿಸಲೂ ಆಗದೆ, ನಂಬಲೂ ಆಗದೆ ಆ ಆಟ ಒದ್ದಾಡುತ್ತಿದೆ.

ಮೈಯ ವಿಷಯದಲ್ಲಿ ಬೇಸ್‌ಬಾಲ್ ಒಂದು ಮಾತಿನಲ್ಲಿ ಮೇಲು. 1966ರಿಂದ ಮಾರ್ವಿನ್ ಮಿಲ್ಲರ್ ಕಟ್ಟಿ ಬೆಳೆಸಿದ ಆಟಗಾರರ ಸಂಘ ಇಂದು ಅಮೆರಿಕದ ಬಲಿಷ್ಠ ಕಾರ್ಮಿಕ ಸಂಘಗಳಲ್ಲೊಂದು. 2024ರ ಡಿಸೆಂಬರ್‌ನಲ್ಲಿ ಹ್ವಾನ್ ಸೋಟೊ 15 ವರ್ಷಗಳಿಗೆ 76.5 ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿದ್ದು ಆ ಸಂಘ ಗಳಿಸಿಕೊಟ್ಟ ಹಕ್ಕುಗಳ ಬಲದಿಂದ. ಕುಸ್ತಿಪಟುಗಳಿಗೆ ಸಂಘವಿಲ್ಲ, ಕಾಗದದ ಮೇಲೆ ಅವರು ಕಂಪನಿಯ ನೌಕರರೂ ಅಲ್ಲ, ಸ್ವತಂತ್ರ ಗುತ್ತಿಗೆದಾರರು. 1999ರ ಮೇ 23ರಂದು ಕ್ಯಾನ್ಸಸ್ ಸಿಟಿಯಲ್ಲಿ ಓವೆನ್ ಹಾರ್ಟ್ ಅವರನ್ನು ಚಾವಣಿಯಿಂದ ಹಗ್ಗದಲ್ಲಿ ಇಳಿಸುವಾಗ ಕೊಕ್ಕೆ ಬಿಚ್ಚಿಕೊಂಡು, ಸುಮಾರು 24 ಮೀಟರ್ ಮೇಲಿನಿಂದ ರಿಂಗ್‌ಗೆ ಬಿದ್ದು ಅವರು ಸತ್ತರು. ವೀಕ್ಷಕ ವಿವರಣೆಗಾರ ಜಿಮ್ ರಾಸ್ ಟಿವಿ ನೋಡುತ್ತಿದ್ದವರಿಗೆ, ಇದು ಪ್ರದರ್ಶನದ ಭಾಗವಲ್ಲ, ನಿಜವಾಗಿಯೂ ನಡೆದದ್ದು ಎಂದು ಮತ್ತೆ ಮತ್ತೆ ಹೇಳಬೇಕಾಯಿತು. ಸಭಾಂಗಣದಲ್ಲಿದ್ದವರಿಗೆ ಯಾರೂ ಏನೂ ಹೇಳಲಿಲ್ಲ. ಮುಂದಿನ ಪಂದ್ಯ ಶುರುಮಾಡಿದರು. ಆ ರಾತ್ರಿ ಪ್ರದರ್ಶನ ನಿಲ್ಲಿಸದಿದ್ದುದನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಕುಸ್ತಿ ನೋಡುವುದನ್ನು ಬಿಟ್ಟಿಲ್ಲ ಎಂಬುದೂ ಅಷ್ಟೇ ನಿಜ, ಅದನ್ನು ನಾನು ಸಮರ್ಥಿಸಿಕೊಳ್ಳಲಾರೆ.

ಬೇಸರದ ಬೆಲೆ

ಬೇಸ್‌ಬಾಲ್ ಬೇಸರದ ಆಟವೆನ್ನುವವರ ಮಾತಿಗೆ ಬರುತ್ತೇನೆ. ಬೇಸರದ್ದೇ ಹೌದು. 2023ರಲ್ಲಿ ಇಷ್ಟು ಸೆಕೆಂಡಿನೊಳಗೆ ಎಸೆಯಬೇಕೆಂದು ಪಿಚರ್‌ಗೆ ಗಡಿಯಾರ ಕಟ್ಟಿದ ಮೇಲೆ ಆಟ ಸುಮಾರು ಇಪ್ಪತ್ತೈದು ನಿಮಿಷ ಮೊಟಕಾಯಿತಾದರೂ, ಆಗಸ್ಟ್ ತಿಂಗಳ ಒಂದು ಮಂಗಳವಾರ, ಪಟ್ಟಿಯ ತಳದಲ್ಲಿರುವ ಎರಡು ತಂಡಗಳ ನಡುವೆ, ಆರನೆಯ ಇನ್ನಿಂಗ್ಸ್‌ನಲ್ಲಿ ನಡೆಯುವುದಕ್ಕೆ ಯಾವ ಅರ್ಥವೂ ಇರುವುದಿಲ್ಲ. ಕುಸ್ತಿಯಲ್ಲಿ ಅರ್ಥವಿಲ್ಲದ ಕ್ಷಣವೇ ಇಲ್ಲ. ಹೀಲ್, ಅಂದರೆ ಖಳನಾದವನು, ರೆಫರಿಯ ಬೆನ್ನ ಹಿಂದೆ ಕಣ್ಣಿಗೆ ಚುಚ್ಚಿದರೆ ಮುಂದಿನ ವಾರಕ್ಕೆ ಅದರಲ್ಲೊಂದು ಕಥೆಯಿದೆ. ಕುಂಟುತ್ತ ಬಂದವನ ಕಾಲು ಕೊನೆಗೆ ಕೈಕೊಡಲೇಬೇಕು. ಬೇಸ್‌ಬಾಲ್‌ನಲ್ಲಿ ಕುಂಟುವವನು ಸುಮ್ಮನೆ ಕುಂಟುತ್ತಾನೆ. ಯಾರೂ ಬರೆದಿರಲಾರರೆಂಬುದಕ್ಕೆ ಆ ನೀರಸತೆಯೇ ಪುರಾವೆಯೆಂದು ನಾನು ಬಹಳ ಕಾಲ ನೆಚ್ಚಿಕೊಂಡಿದ್ದೆ. ಮಹಾ ಬಲಿಷ್ಠ ತಂಡವೂ ವರ್ಷಕ್ಕೆ ಐವತ್ತು ಅರವತ್ತು ಪಂದ್ಯ ಸೋಲುತ್ತದೆ, ಅದೂ ಯಾವ ನಾಟಕೀಯತೆಯೂ ಇಲ್ಲದೆ.

ಈಗ ಆ ನೆಚ್ಚಿಕೆಗೇ ಪೆಟ್ಟು ಬಿದ್ದಿದೆ. 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಕ್ರೀಡಾ ಬಾಜಿಗೆ ದಾರಿ ತೆರೆದ ಕೆಲವೇ ತಿಂಗಳಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ತನ್ನದೇ ಅಧಿಕೃತ ಬಾಜಿ ಪಾಲುದಾರನನ್ನು ಗೊತ್ತುಮಾಡಿಕೊಂಡಿತು. ಒಹಾಯೊದಲ್ಲಿ ಬಾಜಿ ಕಾನೂನುಬದ್ಧವಾದದ್ದು 2023ರ ಜನವರಿ 1ರಂದು. ಆ ಮಧ್ಯರಾತ್ರಿ ಸಿನ್ಸಿನಾಟಿಯ ಕ್ಯಾಸಿನೊದಲ್ಲಿ ಮೊದಲ ಬಾಜಿ ಕಟ್ಟಲು ಕರೆಸಿದ್ದು ಯಾರನ್ನು ಅಂದುಕೊಂಡಿರಿ? ಪೀಟ್ ರೋಸ್ ಅವರನ್ನೇ. ರೆಡ್ಸ್ ವರ್ಲ್ಡ್ ಸೀರೀಸ್ ಗೆಲ್ಲುತ್ತದೆಂದು ಅವರು ಕಟ್ಟಿದರು. ಗೆಲ್ಲಲಿಲ್ಲ, ಬಿಡಿ. ಇಂದು ಇಡೀ ಪಂದ್ಯದ ಮೇಲಲ್ಲ, ಒಂದೊಂದು ಎಸೆತದ ಮೇಲೂ ಬಾಜಿ ಕಟ್ಟಬಹುದು: ಮುಂದಿನದು ಗುರಿ ತಪ್ಪಿದ ಬಾಲ್ ಆಗುತ್ತದೋ ಸರಿಯಾದ ಸ್ಟ್ರೈಕ್ ಆಗುತ್ತದೋ, ಇಷ್ಟು ವೇಗ ಮೀರುತ್ತದೋ ಇಲ್ಲವೋ. 2025ರ ನವೆಂಬರ್‌ನಲ್ಲಿ ನಮ್ಮದೇ ರಾಜ್ಯದ ಕ್ಲೀವ್‌ಲ್ಯಾಂಡ್ ಗಾರ್ಡಿಯನ್ಸ್‌ನ ಪಿಚರ್‌ಗಳಾದ ಇಮ್ಯಾನ್ಯುಯೆಲ್ ಕ್ಲಾಸೆ ಮತ್ತು ಲೂಯಿಸ್ ಒರ್ಟಿಜ್ ಮೇಲೆ ಫೆಡರಲ್ ಆರೋಪಪಟ್ಟಿ ಸಲ್ಲಿಕೆಯಾಯಿತು. ಬಾಜಿದಾರರೊಂದಿಗೆ ಮೊದಲೇ ಮಾತಾಡಿಕೊಂಡು ಕೆಲವು ಎಸೆತಗಳನ್ನು ಬೇಕೆಂದೇ ಕೆಡಿಸಿದರೆಂಬುದು ಆರೋಪ. ಇಬ್ಬರೂ ಅದನ್ನು ನಿರಾಕರಿಸಿದ್ದಾರೆ. ನ್ಯಾಯಾಲಯ ಏನೇ ಹೇಳಲಿ, ಆರೋಪದ ಸ್ವರೂಪವೇ ನನ್ನನ್ನು ಕಾಡುತ್ತಿದೆ. ಇನ್ನಿಂಗ್ಸ್‌ನ ಮೊದಲ ಎಸೆತ ನೆಲಕ್ಕೆ ಬಡಿದರೆ ಪಂದ್ಯದ ಫಲಿತಾಂಶಕ್ಕೆ ಬಹುತೇಕ ಏನೂ ಆಗುವುದಿಲ್ಲ, ಯಾರೂ ನೆನಪಿಡುವುದಿಲ್ಲ. ಆ ಅರ್ಥಹೀನ ಕ್ಷಣವೇ ಈಗ ಮಾರಾಟದ ಸರಕು. 1919ರಲ್ಲಿ ಸಿಕಾಟ್ ಎಸೆದ ಚೆಂಡು ದೊಡ್ಡದೊಂದು ಸಂಚಿನ ಸೂಚನೆಯಾಗಿತ್ತು; ಇಲ್ಲಿ ಆ ಒಂದು ಚೆಂಡೇ ಇಡೀ ಸಂಚು. ಲೀಗ್ ಅಂಥ ಬಾಜಿಗಳಿಗೆ 200 ಡಾಲರ್ ಮಿತಿ ಹಾಕಿಸಿ ಕೈತೊಳೆದುಕೊಂಡಿದೆ. ಮಿತಿಯಲ್ಲ, ನಿಷೇಧ ಬೇಕಿತ್ತು. (ಬರೆದಿಟ್ಟ ಫಲಿತಾಂಶಗಳ ಮೇಲೂ ಕಾನೂನುಬದ್ಧ ಬಾಜಿಗೆ ಅವಕಾಶ ಕೇಳಿ ಡಬ್ಲ್ಯೂಡಬ್ಲ್ಯೂಇ ಮಾತುಕತೆ ನಡೆಸುತ್ತಿದೆಯೆಂಬ ವರದಿ 2023ರಲ್ಲಿ ಬಂದಿತ್ತು. ಬರೆಯುವವನೇ ಬಾಜಿ ಕಟ್ಟಿದರೆ ಏನು ಗತಿ ಎಂಬ ಸರಳ ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲವೋ ಏನೋ.)

ನನ್ನ ಮತ

ರೋಸ್ 2024ರ ಸೆಪ್ಟೆಂಬರ್ 30ರಂದು ತೀರಿಕೊಂಡರು. 2025ರ ಮೇ 13ರಂದು ಕಮಿಷನರ್ ರಾಬ್ ಮ್ಯಾನ್‌ಫ್ರೆಡ್, ಆಜೀವ ನಿಷೇಧ ಜೀವಕ್ಕಷ್ಟೇ ಅನ್ವಯಿಸುತ್ತದೆಂದು ವ್ಯಾಖ್ಯಾನಿಸಿ, ಸತ್ತವರೆಲ್ಲರ ಹೆಸರನ್ನು ನಿಷೇಧಿತರ ಪಟ್ಟಿಯಿಂದ ತೆಗೆದುಹಾಕಿದರು. 1919ರ ಎಂಟು ಜನರೂ ಅದರಲ್ಲಿದ್ದರು. ಮರುದಿನ ಸಂಜೆ ಇಲ್ಲಿನ ಗ್ರೇಟ್ ಅಮೆರಿಕನ್ ಬಾಲ್ ಪಾರ್ಕ್‌ನಲ್ಲಿ ಮೊದಲೇ ಗೊತ್ತಾಗಿದ್ದ ಪೀಟ್ ರೋಸ್ ಸ್ಮರಣೆಯ ಪಂದ್ಯ. ಎದುರಾಳಿ, ಕಾಕತಾಳೀಯವೆಂದರೆ ಇದೇ, ವೈಟ್ ಸಾಕ್ಸ್. ನಾನು ಮೇಲಿನ ಅಂತಸ್ತಿನಲ್ಲಿ, ಒಹಾಯೊ ನದಿ ಕಾಣುವ ಕಡೆ ಕೂತಿದ್ದೆ. ಸುತ್ತಮುತ್ತ ಎಲ್ಲರ ಬೆನ್ನ ಮೇಲೂ ರೋಸ್ ತೊಡುತ್ತಿದ್ದ 14ನೆಯ ಸಂಖ್ಯೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು 1985ರ ಸೆಪ್ಟೆಂಬರ್ 11ರಂದು ರೋಸ್ ತಮ್ಮ 4,192ನೆಯ ಹಿಟ್ ಹೊಡೆದು ಟೈ ಕಾಬ್ ದಾಖಲೆ ಮುರಿದಾಗ ಹಳೆಯ ಮೈದಾನದಲ್ಲಿದ್ದವರಂತೆ. ‘ಪೀಟ್, ಪೀಟ್’ ಎಂದು ಜನ ಕೂಗತೊಡಗಿದಾಗ ಅವರು ಕೂಗಲಿಲ್ಲ, ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತರು. ರೋಸ್ ಅವರನ್ನು ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್‌ಗೆ ಸೇರಿಸಬೇಕಲ್ಲವೇ ಎಂದು ಆಮೇಲೆ ನನ್ನನ್ನು ಕೇಳಿದರು. ನಾನು ನೇರ ಉತ್ತರ ಕೊಡದೆ ಜಾರಿಕೊಂಡೆ. ಆ ಸಂಜೆ, ಆ ಮನುಷ್ಯರಿಗೆ, ಬೇಡವೆನ್ನಲು ನಾಲಗೆ ಹೊರಳಲಿಲ್ಲ.

ಇಲ್ಲಿ ಹೇಳುತ್ತೇನೆ. 2027ರ ಡಿಸೆಂಬರ್‌ನಲ್ಲಿ ಹಳೆಯ ಆಟಗಾರರ ಹೆಸರುಗಳನ್ನು ಪರಿಶೀಲಿಸುವ 16 ಜನರ ಸಮಿತಿ ಸೇರಿದಾಗ ರೋಸ್ ಮತ್ತು 1919ರ ಎಂಟು ಜನರಲ್ಲೊಬ್ಬರಾದ ಜೋ ಜಾಕ್ಸನ್ ಹೆಸರು ಅದರ ಮುಂದೆ ಬರಬಹುದು. ಆಯ್ಕೆಯಾಗಲು 12 ಮತ ಬೇಕು. ನನಗೆ ಮತವಿದ್ದಿದ್ದರೆ ಇಬ್ಬರಿಗೂ ಹಾಕುತ್ತಿರಲಿಲ್ಲ. ಜಾಕ್ಸನ್ ಆ ಸರಣಿಯಲ್ಲಿ 12 ಹಿಟ್ ಹೊಡೆದಿದ್ದರೆಂಬುದು ನಿಜ, ಓದುಬರಹ ಬಾರದವರನ್ನು ಇತರರು ಬಳಸಿಕೊಂಡರೆಂಬುದೂ ನಿಜವಿರಬಹುದು. ಹಣ ಪಡೆದದ್ದೂ ನಿಜ. ಕುಸ್ತಿಯಲ್ಲಿ ಬುಕರ್ ಇದ್ದಾನೆ, ಆದ್ದರಿಂದ ಅಲ್ಲಿ ಯಾರ ಸೋಲನ್ನೂ ನಾನು ಸಂಶಯದಿಂದ ನೋಡಬೇಕಿಲ್ಲ. ಬೇಸ್‌ಬಾಲ್‌ನಲ್ಲಿ ಬುಕರ್ ಇಲ್ಲವೆಂಬುದಕ್ಕೆ ನನಗಿರುವ ಆಧಾರ ಬಾಜಿಗೆ ಕೈ ಹಾಕಿದವರು ಆಟದಿಂದ ಹೊರಗೆ ಎಂಬ ಆ ಒಂದು ನಿಯಮ, ಅದಕ್ಕಾಗಿ ಬಕ್ ವೀವರ್‌ನಂಥವರು ತೆತ್ತ ಬೆಲೆ. ಬಾಜಿ ಕಂಪನಿಗಳ ಜಾಹೀರಾತುಗಳ ನಡುವೆ ಆಟ ಪ್ರಸಾರವಾಗುತ್ತಿರುವ ಈ ಹೊತ್ತಿನಲ್ಲಿ ಅದನ್ನು ಸಡಿಲಿಸಿದರೆ ಮುಂದಿನ ಪಿಚರ್‌ಗೆ ಯಾವ ಮುಖದಿಂದ ಹೇಳುವುದು? ರೋಸ್ ದಾಖಲೆಯನ್ನು ಯಾರೂ ಅಳಿಸಿಲ್ಲ, ಅವರಿಗೆ ಸಂಬಂಧಿಸಿದ ವಸ್ತುಗಳು ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ಮ್ಯೂಸಿಯಂನಲ್ಲಿವೆ, ಇಲ್ಲಿನ ಮೈದಾನದ ಹೊರಗೆ ತಲೆ ಮುಂದೆ ಮಾಡಿ ಜಿಗಿಯುತ್ತಿರುವ ಅವರ ಕಂಚಿನ ಪ್ರತಿಮೆ 2017ರಿಂದಲೇ ಇದೆ. ಅಷ್ಟು ಸಾಕು. ಕುಸ್ತಿಯವರ ಹಾಲ್ ಆಫ್ ಫೇಮ್‌ನಲ್ಲಿ ಅವರು ಇರುವುದಕ್ಕೆ ನನ್ನ ತಕರಾರೇನಿಲ್ಲ. ಅಲ್ಲಿ ಅವರಿಂದ ಯಾರೂ ಗೆಲುವನ್ನು ಕೇಳಿರಲಿಲ್ಲ; ಕೇನ್ ಎತ್ತಿದಾಗ ಕುತ್ತಿಗೆ ಒಳಕ್ಕೆಳೆದುಕೊಂಡು ಸರಿಯಾಗಿ ಬೀಳಬೇಕಿತ್ತು, ಮೂರು ವರ್ಷವೂ ಚೆನ್ನಾಗಿಯೇ ಬಿದ್ದರು.